ಕೆಮ್ಮಣ್ಣಿನ ಕಾನ್ಸಾಸ್

ಕಳೆದ ಆಷಾಢದಲ್ಲಿ ಒಂದು ಸರ್ವಿಸ್ ಸರ್ಟಿಫಿಕೇಟಿಗಾಗಿ ನಾನು ಹಿಂದೆ ಪಾಠ ಮಾಡುತ್ತಿದ್ದ ಕಾಲೇಜಿಗೆ ಹೋಗಿದ್ದೆ. ದೇವನಹಳ್ಳಿ ಕಡೆಯ ಒಂದು ಸರ್ಕಾರಿ ಕಾಲೇಜು ಎಂದಷ್ಟೇ ಹೇಳುತ್ತೇನೆ. ಹೆಸರು ಬೇಡ, ಏಕೆಂದರೆ ಮುಂದೆ ಹೇಳಲಿರುವ ತಪ್ಪು ನನ್ನದು, ಕಾಲೇಜಿನದಲ್ಲ. ಗುಮಾಸ್ತರು ಊಟಕ್ಕೆ ಹೋಗಿದ್ದರು. ಹೊರಗೆ ಗಾಳಿಯ ಜೊತೆ ತುಂತುರು. ಹೊತ್ತು ಕಳೆಯಲು ವರಾಂಡದ ಕೊನೆಯವರೆಗೆ ನಡೆದೆ. ಅಲ್ಲಿ ನಮ್ಮ ಬಿ.ಎ. ಮೂರನೇ ವರ್ಷದ ಕೋಣೆಯ ಬಾಗಿಲು ತೆರೆದಿತ್ತು. ಬೆಂಚುಗಳನ್ನೆಲ್ಲ ನಡುವಿಗೆ ಸರಿಸಿ ಪೇಂಟರ್ ಒಬ್ಬ ಪುಟ್ಟಿ ಕಲಸುತ್ತಿದ್ದ. ಒಳಗೆ ಕಾಲಿಡುವ ಮೊದಲೇ ಆ ವಾಸನೆ ಮೂಗಿಗೆ ಬಂತು. ತೇವ ಕುಡಿದ ಹಳೆಯ ಸುಣ್ಣ ಮತ್ತು ಕೆಮ್ಮಣ್ಣಿನ ವಾಸನೆ ಅದು, ಹಬ್ಬದ ಹಿಂದಿನ ವಾರ ನಮ್ಮ ಕಡೆಯ ಮನೆಗಳೆಲ್ಲ ಬೀರುವ ವಾಸನೆ.

"ಇದೇನ್ ಸಾರ್ ಕಲೆ?" ಎಂದ ಪೇಂಟರ್, ಹಿಂದಿನ ಗೋಡೆ ತೋರಿಸಿ. "ಎಷ್ಟ್ ಕೈ ಬಿಳಿ ಹೊಡುದ್ರೂ ಒಳಗಿಂದ ಕೆಂಪು ಮೇಲಕ್ ಬರ್ತಾನೇ ಐತೆ. ಇವತ್ತು ಕೆರೆದು ಪುಟ್ಟಿ ಮೆತ್ತಿಬಿಡ್ತೀನಿ ನೋಡಿ."

ಬಿಳಿ ಡಿಸ್ಟೆಂಪರಿನ ಒಳಗಿಂದ ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಚೌಕ ಮಸುಕಾಗಿ ಕಾಣುತ್ತಿತ್ತು. ಅದು ಕಲೆಯಲ್ಲ, ಅಮೆರಿಕದ ಕಾನ್ಸಾಸ್ ರಾಜ್ಯ ಎಂದು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಒಂದು ಬೆಂಚಿನ ಮೇಲೆ ಕುಳಿತುಬಿಟ್ಟೆ.

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಾನು ಅತಿಥಿ ಉಪನ್ಯಾಸಕ. ಹೆಸರಿನಲ್ಲಿ ಅತಿಥಿ ಎಂದಿದೆಯೆಂದು ಯಾರೂ ಕಾಫಿ ಕೂಡ ಕೊಡುತ್ತಿರಲಿಲ್ಲ. ಐದನೇ ಸೆಮಿಸ್ಟರಿಗೆ 'ಅಮೆರಿಕದ ಇತಿಹಾಸ' ಎಂಬ ಪತ್ರಿಕೆ ಇತ್ತು. ಕಾಯಂ ಮೇಷ್ಟ್ರುಗಳು ವಿಜಯನಗರ, ಮೈಸೂರು, ಸ್ವಾತಂತ್ರ್ಯ ಹೋರಾಟ ಎಲ್ಲವನ್ನೂ ಹಂಚಿಕೊಂಡು, ನಾಲಿಗೆ ಹೊರಳದ ಊರಿನ ಹೆಸರುಗಳಿರುವ ಇದನ್ನು ಹೊಸಬನ ತಲೆಗೆ ಕಟ್ಟಿದರು. ನನಗಂತೂ ಖುಷಿಯೇ ಆಯಿತು. ಮೂವತ್ತರ ಹುಮ್ಮಸ್ಸು, ಎಂ.ಎ. ಓದಿದ್ದೆಲ್ಲ ಇನ್ನೂ ಬಿಸಿಬಿಸಿಯಾಗಿತ್ತು. ಕುಂದಾಣ ಹೋಬಳಿಯ ನಮ್ಮೂರಿನಿಂದ ಬೈಕಿನಲ್ಲಿ ಬರುತ್ತಿದ್ದೆ. ದಾರಿಯ ಎರಡೂ ಕಡೆ ರಾಗಿಯ ಪೈರು ಗೇಣುದ್ದ ಎದ್ದಿರುತ್ತಿತ್ತು. ಐದೈದು ನಿಮಿಷಕ್ಕೊಂದು ವಿಮಾನ ಕಾಲೇಜಿನ ಹೆಂಚಿನ ಮೇಲೇ ಹಾದುಹೋಗುತ್ತಿತ್ತು. ಅದು ದಾಟುವವರೆಗೆ ಮಿಸ್ಸೌರಿಯ ಗಲಾಟೆ ನಿಲ್ಲಬೇಕು, ಮತ್ತೆ ಶುರುವಾಗಬೇಕು. ಆ ಸೆಮಿಸ್ಟರಿನಷ್ಟು ಸಂತೋಷವಾಗಿ ನಾನು ಮತ್ತೆಂದೂ ಪಾಠ ಮಾಡಿಲ್ಲ.

ತೊಂದರೆ ಎಂದರೆ ಭೂಪಟ. ಪಶ್ಚಿಮದ ಹೊಸ ಭೂಮಿಗೆ ಗುಲಾಮಗಿರಿ ಹೋಗಬೇಕೋ ಬೇಡವೋ ಎಂಬ ಜಗಳವನ್ನು ಭೂಪಟವಿಲ್ಲದೆ ಹೇಳುವುದು ಹೇಗೆ? ಕಾಲೇಜಿನಲ್ಲಿದ್ದದ್ದು ಕರ್ನಾಟಕ, ಭಾರತ, ಮತ್ತು ಹೆಗ್ಗಣ ಅರ್ಧ ತಿಂದಿದ್ದ ಒಂದು ಪ್ರಪಂಚ. ಅಮೆರಿಕ ಇದ್ದದ್ದು ಆ ತಿಂದ ಅರ್ಧದಲ್ಲಿ.

"ಮ್ಯಾಪ್ ತರ್ಸೋದ್ಯಾಕೆ ಸಾರ್, ಗೋಡೆ ಐತಲ್ಲ," ಎಂದಳು ಮುನಿಲಕ್ಷ್ಮಿ.

ಅವಳು ಮೂರನೇ ಬೆಂಚಿನ ಹುಡುಗಿ. ಕುಂದಾಣದಿಂದ ಪಡುವಣಕ್ಕಿದ್ದ ಒಂದು ಸಣ್ಣ ಹಟ್ಟಿಯಿಂದ ಎರಡು ಮೈಲಿ ನಡೆದು ಬಸ್ಸು ಹಿಡಿದು ಬರುತ್ತಿದ್ದಳು. ಹಬ್ಬದ ದಿನಗಳಲ್ಲಿ ಅವ್ವನ ಜೊತೆ ಬೇರೆಯವರ ಮನೆಗಳಿಗೆ ಸುಣ್ಣ ಬಳಿಯಲು ಹೋಗುತ್ತಿದ್ದವಳಿಗೆ ಗೋಡೆ ಕಂಡರೆ ಕೈ ತುರಿಸುತ್ತಿತ್ತು. ಹಿಂದಿನ ಗೋಡೆ ಕಟ್ಟಿದಂದಿನಿಂದ ಬಣ್ಣವನ್ನೇ ಕಂಡಿರಲಿಲ್ಲ, ಬರಿ ಗಾರೆ. ಒಂದು ಶನಿವಾರ ಒಡೆದ ಮಡಕೆಯಲ್ಲಿ ಸುಣ್ಣ ನೆನೆಹಾಕಿದಳು. ರಸ್ತೆ ಪಕ್ಕದ ಗುಂಡಿಯಿಂದ ಕೆಮ್ಮಣ್ಣು ತಂದು, ಸೋಸಿ, ಕಲಸಿದಳು. ಕತ್ತಾಳೆ ನಾರಿನ ಕುಂಚವನ್ನು ಮನೆಯಿಂದಲೇ ತಂದಿದ್ದಳು. ನಾನು ಇದ್ದಿಲಿನಲ್ಲಿ ಗಡಿ ಗೀಚಿದೆ. ಕ್ಯಾಲಿಫೋರ್ನಿಯಾ ಕಿಟಕಿಗೆ ಅಡ್ಡ ಬಂದು ಸ್ವಲ್ಪ ಮುದುಡಿಕೊಂಡಿತು. ಫ್ಲೋರಿಡಾ ಕಸದ ಬುಟ್ಟಿಯ ತನಕ ಇಳಿಯಿತು. ಗುಲಾಮಗಿರಿ ಇದ್ದ ರಾಜ್ಯಕ್ಕೆ ಕೆಮ್ಮಣ್ಣು, ಇಲ್ಲದ್ದಕ್ಕೆ ಸುಣ್ಣ, ಇನ್ನೂ ತೀರ್ಮಾನವಾಗದ ಪಶ್ಚಿಮಕ್ಕೆ ಬರಿ ಗಾರೆ ಎಂದು ಮಾಡಿಕೊಂಡೆವು. ಪಾಠ ಮುಂದೆ ಹೋದಹಾಗೆ ಒಂದೊಂದೇ ರಾಜ್ಯಕ್ಕೆ ಬಣ್ಣ ಬೀಳಬೇಕು.

ನಮ್ಮ ಕಡೆಯ ಮಕ್ಕಳಿಗೆ ರಾಜಕೀಯವನ್ನು ಬಿಡಿಸಿ ಹೇಳಬೇಕಾಗಿಲ್ಲ. "ಪಂಚಾಯ್ತಿಯಲ್ಲಿ ಎರಡು ಗುಂಪಿಗೂ ಸಮಸಮ ಸೀಟಿದೆ. ಈಗ ಹೊಸದೊಂದು ಊರು ಪಂಚಾಯ್ತಿಗೆ ಸೇರುತ್ತೆ. ಏನಾಗುತ್ತೆ?" ಎಂದು ಕೇಳಿದೆ.

"ಹೊಡ್ದಾಟ ಆಗುತ್ತೆ ಸಾರ್!" ಎಂದು ಇಡೀ ಕ್ಲಾಸು ಕೂಗಿತು.

ಮಿಸ್ಸೌರಿಗೆ ಕೆಂಪು ಬಿತ್ತು, ಅದಕ್ಕೆ ಸರಿತೂಗಿಸಲು ಮೇನ್‌ಗೆ ಬಿಳಿ. ನಡುವೆ ಒಂದು ಗೆರೆ ಎಳೆದು, ಮಿಸ್ಸೌರಿ ಒಂದನ್ನು ಬಿಟ್ಟು ಇದರ ಮೇಲೆ ಗುಲಾಮಗಿರಿ ಬೇಡ, ಕೆಳಗೆ ಇರಲಿ ಎಂದು ರಾಜಿಯಾದದ್ದನ್ನು ಹೇಳಿದೆ. ಒಂದೇ ಬೆಳೆ ಬೆಳೆದು ಬೆಳೆದು ಹತ್ತಿಯ ಹೊಲಗಳು ಸವೆದಂತೆ ಧಣಿಗಳು ತಮ್ಮ ಆಳುಗಳನ್ನು ಪಡುವಣದ ಹೊಸ ಭೂಮಿಗೆ ಹೊಡೆದುಕೊಂಡು ಹೋದದ್ದನ್ನೂ ಹೇಳಿದೆ. ಕಾಡು ಕಡಿದವರು, ಬೇರು ಕಿತ್ತವರು ಆ ಆಳುಗಳು. ಭೂಮಿ ಧಣಿಗಳದ್ದು.

ಮುನಿಲಕ್ಷ್ಮಿ ಎದ್ದು ನಿಂತಳು. "ಸಾರ್, ದಿಲ್ಲಿಲಿ... ಅಲ್ಲ, ವಾಷಿಂಗ್ಟನ್‌ನಲ್ಲಿ ಕೂತ್ಕೊಂಡು ಅವ್ರು ಜಗಳ ಆಡ್ತಿದ್ದಿದ್ದು ಗುಲಾಮ್ರು ಇರ್ಬೇಕಾ ಬೇಡ್ವಾ ಅಂತನಾ, ಇಲ್ಲ ಹೊಸ ಜಾಗಕ್ಕೆ ಕರ್ಕೊಂಡೋಗ್ಬೋದಾ ಬೇಡ್ವಾ ಅಂತನಾ?"

"ಹೆಚ್ಚಾಗಿ ಎರಡನೇದು."

"ಮತ್ತೆ ಹಳೇ ಜಾಗದಲ್ಲಿ ಇರೋರ ಕಥೆ?"

"ಅದನ್ನ ಮುಟ್ಟೋಕೆ ಬಹಳ ಜನಕ್ಕೆ ಧೈರ್ಯ ಇರಲಿಲ್ಲಮ್ಮ."

ಅವಳು ಕುಳಿತಳು. ಒಳ್ಳೆಯ ಪ್ರಶ್ನೆ ಕೇಳಿದಳೆಂದು ನಾನು ಹಿಗ್ಗಿದೆ. ಆ ಪ್ರಶ್ನೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆಗ ಇರಲಿಲ್ಲ.

ಗೌರಿಹಬ್ಬ ಮುಗಿದು ರಾಗಿ ತೆನೆಯೊಡೆಯುವ ಹೊತ್ತಿಗೆ ಕಾನ್ಸಾಸ್‌ಗೆ ಬಂದೆವು. ಅಲ್ಲಿ ಸರ್ಕಾರ ಹಳೆಯ ಗೆರೆಯನ್ನು ಅಳಿಸಿ, ಹೊಸ ಭೂಮಿಗೆ ಹೋಗಿ ನೆಲೆಸಿದವರೇ ಓಟು ಹಾಕಿ ಗುಲಾಮಗಿರಿ ಬೇಕೋ ಬೇಡವೋ ತೀರ್ಮಾನಿಸಿಕೊಳ್ಳಲಿ ಎಂದು ಕೈ ತೊಳೆದುಕೊಂಡಿತು. ಕೇಳಲು ನ್ಯಾಯವಾಗಿಯೇ ಇದೆ. ನನಗೊಂದು ಉಪಾಯ ಹೊಳೆಯಿತು. ಕ್ಲಾಸನ್ನೇ ಕಾನ್ಸಾಸಿನ ಗ್ರಾಮಸಭೆ ಮಾಡಿಬಿಡೋಣ, ಕೈ ಎತ್ತಿಸಿ ಓಟು ಹಾಕಿಸೋಣ ಎಂದುಕೊಂಡೆ.

ಮೂವತ್ತನಾಲ್ಕು ಜನ. ಯಾರಿಗೆ ಯಾವ ಪಾತ್ರ? ನಾನು ಆರಿಸಿದರೆ ಮುಖ ನೋಡಿ ಆರಿಸಿದ ಹಾಗಾಗುತ್ತದೆ, ಬೇಡ. ಹಾಜರಿ ಪುಸ್ತಕ ತೆರೆದು ನಂಬರಿನ ಪ್ರಕಾರ ಹೇಳಿದೆ. ಒಂದರಿಂದ ಹದಿನಾಲ್ಕು, ಮಿಸ್ಸೌರಿಯ ಧಣಿಗಳು. ಹದಿನೈದರಿಂದ ಇಪ್ಪತ್ತೆಂಟು, ಗುಲಾಮಗಿರಿ ಬೇಡವೆನ್ನುವ ಉತ್ತರದ ರೈತರು. ಕೊನೆಯ ಆರು ನಂಬರು ಗುಲಾಮರು. "ನೀವು ಹಿಂದೆ ನಿಂತ್ಕೊಳ್ಳಿ. ನೀವು ಮಾತಾಡೋ ಹಾಗಿಲ್ಲ, ಕೈ ಎತ್ತೋ ಹಾಗಿಲ್ಲ," ಎಂದೆ. ಆರು ಜನ ಎದ್ದು ಗೋಡೆಯ ಪಕ್ಕ ಹೋಗಿ ನಿಂತರು. ಮುನಿಲಕ್ಷ್ಮಿ ಮೂವತ್ತೊಂದನೇ ನಂಬರು.

ಸಭೆ ರಂಗೇರಿತು. ಮುಂದಿನ ಬೆಂಚಿನ ಹರೀಶ ಧಣಿಗಳ ಪರವಾಗಿ ಥೇಟ್ ಜಿಲ್ಲಾ ಪಂಚಾಯ್ತಿ ಮೆಂಬರಿನ ಧಾಟಿಯಲ್ಲಿ ಭಾಷಣ ಬಿಗಿದ. ಗದ್ದಲ ಕೇಳಿ ಪಕ್ಕದ ಕ್ಲಾಸಿನ ಬಿ.ಕಾಂ. ಹುಡುಗರು ಹಿಂದಿನ ಬಾಗಿಲಿನಿಂದ ನುಗ್ಗಿ, ವಿಷಯವೇನೆಂದು ತಿಳಿಯದೆ ಹರೀಶನ ಕಡೆ ಕೈ ಎತ್ತಿದರು. "ಬೋಗಸ್ ಓಟು! ಬೋಗಸ್ ಓಟು!" ಎಂದು ಉತ್ತರದ ರೈತರು ಬೆಂಚು ಬಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಏಕೆಂದರೆ ನಿಜವಾದ ಕಾನ್ಸಾಸಿನಲ್ಲೂ ಆದದ್ದು ಅದೇ. ಓಟಿನ ದಿನ ಮಿಸ್ಸೌರಿಯವರು ಕೋವಿ ಹಿಡಿದು ಗಡಿ ದಾಟಿ ಬಂದು ತಮ್ಮದಲ್ಲದ ಊರಿನಲ್ಲಿ ಓಟು ಒತ್ತಿ ಹೋದರು. ಇಂಥ ಪಾಠ ಯಾವ ಪುಸ್ತಕದಲ್ಲಿ ಸಿಗುತ್ತದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

"ಸರಿ, ಧಣಿಗಳು ಗೆದ್ರು. ಮುನಿಲಕ್ಷ್ಮಿ, ಕಾನ್ಸಾಸ್‌ಗೆ ಕೆಂಪು ಬಳಿಯಮ್ಮ," ಎಂದೆ.

ಅವಳು ಕುಂಚವನ್ನು ಕೈಗೆ ತೆಗೆದುಕೊಂಡಳು. ಗೋಡೆ ನೋಡಿದಳು. ಆಮೇಲೆ ಕುಂಚವನ್ನು ನಿಧಾನವಾಗಿ ಮಡಕೆಯ ಬಾಯಿಗೆ ಅಡ್ಡ ಇಟ್ಟಳು.

"ನೀವೇ ಬಳ್ಕಳಿ ಸಾರ್."

ಚೀಲ ತೆಗೆದುಕೊಂಡು ಹೊರಟುಹೋದಳು. ಏನಾಯಿತೆಂದು ನನಗೊಬ್ಬನಿಗೇ ತಿಳಿದಿರಲಿಲ್ಲ.

ಮರುದಿನ ಅವಳು ಬರಲಿಲ್ಲ. ಆ ವಾರವೇ ಬರಲಿಲ್ಲ. ಹಬ್ಬದ ಸುಣ್ಣದ ಕೆಲಸಕ್ಕೆಂದು ಮೊದಲೇ ಒಂದಷ್ಟು ದಿನ ತಪ್ಪಿಸಿದ್ದಳು. ಇನ್ನು ಎರಡು ವಾರ ಹೋದರೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಅವಳ ಮನೆಯಲ್ಲಿ ಡಿಗ್ರಿಯ ಕೊನೆಯ ವರ್ಷಕ್ಕೆ ಬಂದ ಮೊದಲನೆಯವಳು ಅವಳೇ. ವರ್ಷ ತಪ್ಪಿದರೆ ಮದುವೆ ಮಾಡಿಬಿಡುತ್ತಾರೆಂದು ಅವಳ ಗೆಳತಿಯರು ಹೇಳಿದರು. ನನಗೆ ಕಸಿವಿಸಿ ಶುರುವಾಯಿತು. ಆದರೂ ನನ್ನ ತಪ್ಪೇನು ಎಂದೇ ಒಳಗೆ ವಾದ ಮಾಡಿಕೊಳ್ಳುತ್ತಿದ್ದೆ.

ಕಡೆಗೆ ಅಟೆಂಡರ್ ರಂಗಣ್ಣ, ಗಂಟೆ ಹೊಡೆದು ಬಂದವನು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ. "ಸಾರ್, ತಪ್ ತಿಳ್ಕಬೇಡಿ. ಇಪ್ಪತ್ತೊಂಬತ್ತರಿಂದ ಮೂವತ್ನಾಕು ಯಾರ್ಯಾರು ಅಂತ ನೋಡಿದ್ರಾ?"

"ಕೊನೇ ಆರು ನಂಬರು ಅಷ್ಟೇ. ಅದರಲ್ಲೇನು?"

"ನಮ್ ಕಾಲೇಜಲ್ಲಿ ನಂಬರ್ ಹೆಂಗ್ ಹಾಕ್ತಾರೆ ಗೊತ್ತಾ? ಅಡ್ಮಿಷನ್ ಪಟ್ಟಿ ಐತಲ್ಲ, ಅದೇ ವರಸೆ. ಪಟ್ಟಿ ಕೆಟಗರಿ ಪ್ರಕಾರ ಬರ್ತದೆ. ಮೊದ್ಲು ಜನರಲ್ಲು, ಆಮೇಲೆ ಅವರಿವರು, ಕಡೆಗೆ..." ಅಷ್ಟಕ್ಕೇ ನಿಲ್ಲಿಸಿದ. "ನಾನೂ ಆ ಕಡೇಯೋನೇ ಸಾರ್. ಅದಕ್ಕೇ ಹೇಳ್ದೆ."

ಹಾಜರಿ ಪುಸ್ತಕ ತೆರೆದೆ. ಮೂರು ತಿಂಗಳಿಂದ ದಿನವೂ ಬರಿ ನಂಬರಿನಿಂದ ಕೂಗಿದ್ದವರ ಹೆಸರುಗಳು. ಕೊನೆಯ ಆರೂ ಜನ ಊರಾಚೆಯ ಕೇರಿಯ ಮಕ್ಕಳು. ನಂಬರಿಗೆ ಜಾತಿ ಎಲ್ಲಿಯದು ಎಂದುಕೊಂಡಿದ್ದೆ. ಕ್ಲಾಸಿನಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತಿದ್ದದ್ದು, ಇತಿಹಾಸದ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಆ ಆರು ಜನರನ್ನು ಗೋಡೆಗೆ ನಿಲ್ಲಿಸಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆ ಬಿಸಿ ನೆನೆದರೆ ಇವತ್ತಿಗೂ ಹಾಗೇ ಇದೆ.

ಮರುದಿನವೇ ಬೈಕು ಹತ್ತಿ ಅವಳ ಹಟ್ಟಿಗೆ ಹೋದೆ. ಮುಂಜಾನೆಯ ಮಂಜು ಇನ್ನೂ ರಾಗಿಯ ಮೇಲೆ ಕೂತಿತ್ತು. ಮನೆಯ ಮುಂದೆ ಒಬ್ಬ ಮುದುಕ ಕಂಬಳಿ ಹೊದ್ದು ಬಿಸಿಲು ಕಾಯಿಸುತ್ತಿದ್ದ. ನನ್ನನ್ನು ನೋಡಿದ್ದೇ ತಡ, ಮೊಣಕಾಲಿಗೆ ಕೈ ಕೊಟ್ಟು ಎದ್ದು ನಿಂತ.

"ಬುದ್ಧೀ, ತಾವು ದೊಡ್ಮನೆ ಗೌಡ್ರ ಮೊಮ್ಮಗ ಅಲ್ವರಾ? ಅದೇ ಹಣೆ, ಅದೇ ಮೂಗು."

"ತಾತ, ಸಾರ್ ಅನ್ನು. ಬುದ್ಧಿಗಿದ್ಧಿ ಅನ್ನಬ್ಯಾಡ ಅಂತ ಎಷ್ಟ್ ಸಲ ಹೇಳೀನಿ?" ಒಳಗಿನಿಂದ ಮುನಿಲಕ್ಷ್ಮಿ ಬಂದಳು. ನನ್ನನ್ನು ಕಂಡು ಆಶ್ಚರ್ಯಪಟ್ಟಂತೆ ಕಾಣಲಿಲ್ಲ. ಕುರ್ಚಿ ತಂದಿಟ್ಟಳು.

ಮುದುಕನ ಹೆಸರು ಚಿಕ್ಕಮುನಿಯಪ್ಪ. ಎಂಟು ವರ್ಷದವನಾಗಿದ್ದಾಗ ನಮ್ಮ ಮನೆಗೆ ಜೀತಕ್ಕೆ ಬಂದವನು. ಜೀತ ಬಿಡಿಸುವ ಕಾನೂನು ಬಂದು, ಅಧಿಕಾರಿಗಳು ಊರಿಗೆ ಬಂದು ಹೇಳುವವರೆಗೆ ಅಲ್ಲೇ ಇದ್ದವನು. ನಾನು ಹುಟ್ಟುವ ಮೊದಲೇ ಬಿಟ್ಟುಹೋಗಿದ್ದರಿಂದ ಅವನ ಹೆಸರನ್ನೇ ಕೇಳಿರಲಿಲ್ಲ. ಆದರೆ ಅವನು ಮಾಡಿದ ಹೊಲದ ಹೆಸರು ಗೊತ್ತಿತ್ತು. ಪಡುವಲ ಹೊಲ. ನಮ್ಮ ತಾತ ಕಲ್ಲುಗುಡ್ಡೆಯನ್ನು ಹಸನು ಮಾಡಿ ಹೊಲ ಮಾಡಿದರು ಎಂದು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದರೂ ಸಾಲದು. ಮಕ್ಕಳಾಗಿದ್ದಾಗ ಅದನ್ನು ಕೇಳುತ್ತಲೇ ಅನ್ನ ಉಂಡಿದ್ದೇವೆ.

"ಮೂರು ಬ್ಯಾಸ್ಗೆ ಆಯ್ತು ಬುದ್ಧಿ ಅದನ್ನ ಮಾಡೋಕೆ," ಎಂದ ಚಿಕ್ಕಮುನಿಯಪ್ಪ. ದನಿಯಲ್ಲಿ ದೂರು ಇರಲಿಲ್ಲ, ಹೆಮ್ಮೆಯಂಥದ್ದೇನೋ ಇತ್ತು. "ಊರಿಂದ ಪಡುವಲಕ್ಕೆ ನಮ್ ನಾಕು ಜನಾನ ಕಳ್ಸಿದ್ರು. ಅಲ್ಲೇ ಗುಡ್ಲು ಹಾಕ್ಕಂಡಿದ್ವಿ. ಬರೀ ಕಲ್ಲುಗುಂಡು, ಜಾಲಿ. ಹಾರೆ ಹಾಕಿ ಗುಂಡು ಎಬ್ಬುಸ್ತಿದ್ವಿ. ಇವಳ ಅಪ್ಪ ಅಲ್ಲೇ ಹುಟ್ಟಿದ್ದು, ಹೊಂಗೆ ಮರದ ಕೆಳೀಕೆ. ನಮ್ಮಾಕೆ ಬೆಳಿಗ್ಗೆ ಮಣ್ಣು ಹೊತ್ತು ಮದ್ಯಾನಕ್ಕೆ ಹೆತ್ಳು. ಮೊದ್ಲು ರಾಗಿ ಹಾಕಿದ ವರ್ಸ ನಿಮ್ ತಾತ ಬಂದು ನೋಡಿ ಬೋ ಖುಷಿಯಾದ್ರು. ಆಗ ಕೇಳ್ದೆ ನಾನು. ಬುದ್ಧಿ, ಆ ಅಂಚಲ್ಲಿ ಒಂದ್ ತುಂಡು ನಂಗೆ ಬಿಟ್ಕೊಡಿ ಅಂತ."

"ಏನಂದ್ರು?"

"ನಕ್ಬಿಟ್ರು. ಲೇ ಮುನಿಯ, ನೀನು ನಮ್ಮನೆಯೋನೇ ಅಲ್ವೇನ್ಲಾ, ನಿಂಗ್ಯಾಕ್ಲಾ ಬ್ಯಾರೆ ಹೊಲ ಅಂದ್ರು."

ಮುದುಕ ನನ್ನ ಕಡೆ ಬಾಗಿ ಕೇಳಿದ.

"ನಮ್ ಹುಡ್ಗಿ ಬಂದು ಹೇಳ್ತಿರ್ತಾಳೆ, ಆ ಅಮೆರಿಕದೋರ ಕಥೆ. ಪಡುವಲಕ್ಕೆ ಹೊಡ್ಕೊಂಡೋದ್ರಂತಲ್ಲ, ಆಳುಗಳ್ನ. ಅಲ್ಲಿ ಹೊಲ ಮಾಡಿದ್ ಮ್ಯಾಕೆ ಒಂದ್ ತುಂಡಾದ್ರೂ ಅವ್ರಿಗೆ ಸಿಕ್ತಾ?"

"ಇಲ್ಲ ತಾತ."

"ಅಲ್ಲೂವೇ ಇಲ್ವಾ," ಎಂದ. ಏನೋ ಸಮಾಧಾನವಾದವನಂತೆ, ಏನೋ ಬೇಜಾರಾದವನಂತೆ ತಲೆ ಆಡಿಸಿ ಕಂಬಳಿ ಎಳೆದುಕೊಂಡ.

ಮುನಿಲಕ್ಷ್ಮಿ ನನ್ನನ್ನು ಬೈಕಿನವರೆಗೆ ಬಿಡಲು ಬಂದಳು. ನಾನು ನಂಬರಿನ ವಿಷಯ ಹೇಳಿ ತಪ್ಪಾಯಿತು ಎಂದೆ.

"ನಂಬರ್ ಬಿಡಿ ಸಾರ್. ನಿಮಗ್ ಗೊತ್ತಿರ್ಲಿಲ್ಲ ಅಂತ ನಂಗೂ ಗೊತ್ತು. ಆದ್ರೆ ನೀವು ಯಾರ ಮನೆಯೋರು ಅಂತ ಮೊದಲ್ನೇ ದಿನದಿಂದ್ಲೇ ಗೊತ್ತಿತ್ತು ನಂಗೆ. ಅಮೆರಿಕದ್ದು ಎಷ್ಟ್ ಚೆನ್ನಾಗ್ ಹೇಳ್ತೀರಿ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾಯ್ತಿದ್ದೆ, ಪಡುವಲ ಹೊಲದ್ದು. ನೀವು ನನ್ ಕೈಲೇ ಕೆಂಪು ಬಳ್ಸೋಕೆ ಬಂದ್ರಿ."

"ನನಗೆ ನಿಮ್ಮ ತಾತನ ವಿಷಯ ಗೊತ್ತೇ ಇರ್ಲಿಲ್ಲ ಕಣಮ್ಮ."

"ಈಗ್ ಗೊತ್ತಾಯ್ತಲ್ಲ," ಎಂದಳು. "ಕ್ಲಾಸಲ್ಲಿ ಹೇಳಿ ಸಾರ್. ಆ ಹೊಲ ಯಾರ್ ಮಾಡಿದ್ದು ಅಂತ. ಆವಾಗ ಬರ್ತೀನಿ."

ಕೇಳಲು ಸುಲಭ. ಆದರೆ ಕ್ಲಾಸಿನ ಅರ್ಧ ಜನ ನಮ್ಮ ಸುತ್ತಮುತ್ತಲ ಹಳ್ಳಿಯವರು, ನಮ್ಮ ನೆಂಟರ ಮಕ್ಕಳು. ಬೆಳಿಗ್ಗೆ ಹೇಳಿದರೆ ನನ್ನ ಬೈಕಿಗಿಂತ ಮೊದಲು ಸುದ್ದಿ ಊರು ಸೇರುತ್ತದೆ. ತಾತನೆಂದರೆ ನನಗೆ ಪ್ರಾಣ. ಹೆಗಲ ಮೇಲೆ ಕೂರಿಸಿಕೊಂಡು ಆವತಿ ಬೆಟ್ಟ ತೋರಿಸುತ್ತಿದ್ದವರು, ಚಕ್ಕೋತದ ಸಿಪ್ಪೆಯಲ್ಲಿ ಟೋಪಿ ಮಾಡಿ ಕೊಡುತ್ತಿದ್ದವರು. ಅವರ ಹೆಸರನ್ನು ಕ್ಲಾಸಿನಲ್ಲಿ ಎಳೆದು ತರುವುದಕ್ಕೆ ಮನಸ್ಸು ಒಪ್ಪಲಿಲ್ಲ. ನಾಲ್ಕು ದಿನ ಸುಮ್ಮನಿದ್ದೆ. ಹಾಜರಿ ಪುಸ್ತಕದಲ್ಲಿ ಮೂವತ್ತೊಂದರ ಮುಂದೆ ಇನ್ನೂ ನಾಲ್ಕು ಗೈರು ಬಿತ್ತು.

ಐದನೇ ದಿನ ಬೆಳಿಗ್ಗೆ, ಹೊಲದ ಬದುವಿನಲ್ಲಿ ನಿಂತು ಅಪ್ಪನನ್ನು ಕೇಳಿದೆ. "ಅಪ್ಪಾ, ಚಿಕ್ಕಮುನಿಯಪ್ಪ ಅಂತ ಇದ್ರಲ್ಲ..."

ಅಪ್ಪ ತೆನೆ ಹಿಸುಕಿ ಹಾಲು ನೋಡುತ್ತಿದ್ದವರು ತಲೆ ಎತ್ತಲಿಲ್ಲ. "ಹ್ಞೂಂ. ಪಡುವಲ ಹೊಲದಲ್ಲಿದ್ದ. ಏನೀಗ?"

"ಆ ಹೊಲ ಮಾಡಿದ್ದು ಅವರಂತೆ. ಒಂದು ತುಂಡು ಕೇಳಿದ್ರಂತೆ."

"ಅವ್ನು ನಮ್ಮನೆಯೋನೇ ಕಣೋ. ಅವ್ನಿಗೆ ಯಾಕೆ ಬೇರೆ ಹೊಲ?"

ಅಪ್ಪ ಕೆಟ್ಟವರಲ್ಲ. ಆ ಮಾತನ್ನು ಪ್ರೀತಿಯಿಂದಲೇ ಅಂದರು, ತಾತನೂ ಹಾಗೇ ಅಂದಿರಬೇಕು. ಅದೇ ನನ್ನನ್ನು ಅಲ್ಲಾಡಿಸಿದ್ದು. ಅಮೆರಿಕದ ಧಣಿಗಳೂ ಗುಲಾಮರನ್ನು ನಮ್ಮ ಕುಟುಂಬದವರು ಎನ್ನುತ್ತಿದ್ದರೆಂದು ಹಿಂದಿನ ವಾರವಷ್ಟೇ ನೋಟ್ಸ್ ಕೊಟ್ಟಿದ್ದೆ. ಅದಕ್ಕೆ ಅಡಿಗೆರೆ ಎಳೆಯಿರಿ ಎಂದೂ ಹೇಳಿದ್ದೆ.

ನಾಳೆ ಎರಡನೇ ಪೀರಿಯಡ್‌ನಲ್ಲಿ ಹೇಳುತ್ತೇನೆ ಎಂದು ಮುನಿಲಕ್ಷ್ಮಿಗೆ ರಂಗಣ್ಣನ ಕೈಲಿ ಹೇಳಿಕಳಿಸಿದೆ. ಮರುದಿನ ನಾನು ಕ್ಲಾಸಿಗೆ ಹೋದಾಗ ಅವಳು ಒಳಗೆ ಬಂದಿರಲಿಲ್ಲ. ಬಾಗಿಲ ಹೊರಗೆ, ಕಂಬಕ್ಕೆ ಒರಗಿ ನಿಂತಿದ್ದಳು. ಮೊದಲು ನಂಬರಿನ ತಪ್ಪು ಹೇಳಿ, ಆ ಆರೂ ಜನರ ಹೆಸರು ಹಿಡಿದು ಕ್ಷಮೆ ಕೇಳಿದೆ. ಆಮೇಲೆ ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತೆ. "ಹೊಸ ಭೂಮಿಗೆ ಆಳುಗಳು ಯಾಕೆ ಬೇಕಾಗಿತ್ತು ಅಂತ ಮಿಸ್ಸಿಸ್ಸಿಪ್ಪಿಗೆ ಹೋಗಿ ತಿಳ್ಕೊಬೇಕಾಗಿಲ್ಲ," ಎಂದು ಶುರು ಮಾಡಿದೆ. ನಮ್ಮೂರು, ನಮ್ಮ ತಾತ, ಮೂರು ಬೇಸಿಗೆ, ಗುಡಿಸಲು, ಹೊಂಗೆ ಮರದ ಕೆಳಗೆ ಆದ ಹೆರಿಗೆ. ಒಂದು ತುಂಡು ಕೇಳಿದ್ದು, ತಾತ ನಕ್ಕದ್ದು. ಯಾವುದನ್ನೂ ಬಿಡಲಿಲ್ಲ. "ಆ ಹೊಲ ಮಾಡಿದವರು ಚಿಕ್ಕಮುನಿಯಪ್ಪ. ನಮ್ಮ ತಾತ ಅಲ್ಲ. ಅದರ ರಾಗಿ ತಿಂದು ಓದಿದವನು ನಾನು," ಎಂದು ಮುಗಿಸಿದೆ.

ವಿಮಾನವೊಂದು ಬಂದು ಹೋಯಿತು. ಮುಂದಿನ ಬೆಂಚಿನಿಂದ ಹರೀಶ, ಗ್ರಾಮಸಭೆಯಲ್ಲಿ ಅಷ್ಟು ಅಬ್ಬರಿಸಿದವನು, ತನ್ನ ಪುಸ್ತಕ ನೋಡುತ್ತ ಹೇಳಿದ: "ನಮ್ಮನೇಲೂ ಇದ್ರಂತೆ ಸಾರ್. ಇಬ್ರು."

ಮುನಿಲಕ್ಷ್ಮಿ ಒಳಗೆ ಬಂದು ತನ್ನ ಜಾಗದಲ್ಲಿ ಕುಳಿತಳು. ಆ ದಿನದಿಂದ ನಾನು ನಂಬರು ಕೂಗುವುದನ್ನು ಬಿಟ್ಟು ಹೆಸರು ಹಿಡಿದು ಹಾಜರಿ ಕರೆಯತೊಡಗಿದೆ.

ಮಾರನೆಯ ದಿನ ಅವಳು ಒಂದು ಬಟ್ಟೆಯ ಗಂಟು ತಂದಳು. ಬಿಚ್ಚಿದರೆ ಒಳಗೆ ಕೆಂಪು ಹೆಂಟೆ. "ಇದು ರಸ್ತೆ ಮಣ್ಣಲ್ಲ ಸಾರ್. ಪಡುವಲ ಹೊಲದ್ದು. ನಿಮ್ಮನೇಲಿ ಕೇಳ್ದೆ ತಗೊಂಡ್ಬಂದಿದೀನಿ," ಎಂದು ಮೊದಲ ಸಲ ನಕ್ಕಳು. ಅದನ್ನೇ ಕಲಸಿ ಕಾನ್ಸಾಸ್‌ಗೆ ಬಳಿದಳು. ಉಳಿದ ರಾಜ್ಯಗಳಿಗೆ ಒಂದು ಕೈ ಹಾಕಿದ್ದರೆ, ಇದಕ್ಕೆ ಮೂರು ಕೈ. ಒತ್ತಿ ಒತ್ತಿ ಬಳಿದಳು.

ಪಾಠ ಅಲ್ಲಿಗೇ ನಿಲ್ಲುವುದಿಲ್ಲ. ಕಾನ್ಸಾಸಿನಲ್ಲಿ ರಕ್ತ ಹರಿಯಿತು, ಮತ್ತೆ ಮತ್ತೆ ಓಟು ನಡೆಯಿತು. ಕಡೆಗೆ ಅಂತರ್ಯುದ್ಧದ ಹೊಸ್ತಿಲಲ್ಲಿ ಅದು ಗುಲಾಮಗಿರಿಯಿಲ್ಲದ ರಾಜ್ಯವಾಗಿ ಒಕ್ಕೂಟಕ್ಕೆ ಸೇರಿತು. ಅಷ್ಟು ಹೊತ್ತಿಗೆ ರಾಗಿ ಕೊಯ್ಲು ಮುಗಿದು, ಬದುಗಳಲ್ಲಿ ಅವರೆ ಸೊಗಡು ಹಿಡಿದಿತ್ತು. ಅವಳು ಕೆಂಪಿನ ಮೇಲೆ ಸುಣ್ಣ ಎಳೆದಳು.

"ಇದು ನಿಲ್ಲಲ್ಲ ಸಾರ್," ಎಂದಳು, ಕೆಲಸ ಬಲ್ಲವರ ದನಿಯಲ್ಲಿ. "ಕೆಮ್ಮಣ್ಣಿನ ಮೇಲೆ ಸುಣ್ಣ ಹೊಡುದ್ರೆ, ಮಳೆ ಬಂದಾಗೆಲ್ಲ ಕೆಳಗಿಂದು ಕಾಣ್ತದೆ."

"ಕಾಣಲಿ ಬಿಡಮ್ಮ," ಎಂದೆ.

ಅಪ್ಪ ನನ್ನ ಜೊತೆ ಸಂಕ್ರಾಂತಿಯವರೆಗೆ ಮಾತಾಡಲಿಲ್ಲ. ಹಬ್ಬದ ದಿನ ಅವರೇಕಾಳಿನ ಸಾರನ್ನು ನನ್ನ ತಟ್ಟೆಗೆ ತಾವೇ ಬಡಿಸಿದರು, ಅಲ್ಲಿಗೆ ಮೌನ ಮುಗಿಯಿತು. ಆ ವಿಷಯ ಮತ್ತೆ ಬರಲಿಲ್ಲ. ಮುಂದಿನ ವರ್ಷ ಚಿಕ್ಕಮುನಿಯಪ್ಪ ತೀರಿಕೊಂಡಾಗ ಅಪ್ಪ ಯಾರಿಗೂ ಹೇಳದೆ ಹೋಗಿ ಬಂದರು. ಅಲ್ಲಿ ಏನು ಮಾತಾಡಿದರೋ, ನಾನು ಕೇಳಲಿಲ್ಲ. ಹೊಲವನ್ನು ಬಿಟ್ಟುಕೊಡಿ ಎಂದು ನಾನೂ ಅಪ್ಪನಿಗೆ ಹೇಳಲಿಲ್ಲ. ಕ್ಲಾಸಿನಲ್ಲಿ ಹೇಳಿದ್ದೇ ದೊಡ್ಡದಾಯಿತೆಂದು ಸುಮ್ಮನಾದೆ. ಅದು ನನ್ನ ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಮುನಿಲಕ್ಷ್ಮಿ ಪರೀಕ್ಷೆ ಬರೆದಳು, ಪಾಸಾದಳು. ಈಗ ಹೊಸಕೋಟೆಯ ಹತ್ತಿರ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾಳೆ. ಮೂರು ವರ್ಷದ ಹಿಂದೆ ಪಡುವಲ ಹೊಲವೂ ಹೋಯಿತು. ಈಗ ಅಲ್ಲಿ ದಾಬಸ್‌ಪೇಟೆಯಲ್ಲಿರುವಂಥದ್ದೇ ಒಂದು ಉದ್ದನೆಯ ಗೋದಾಮು ಎದ್ದಿದೆ. ಮೇಲ್ಮಣ್ಣನ್ನು ಲಾರಿಗಳಲ್ಲಿ ಸಾಗಿಸಿ, ಎಲ್ಲಕ್ಕೂ ಕಾಂಕ್ರೀಟು ಹಾಸಿದ್ದಾರೆ. ಹೊಂಗೆ ಮರ ಇದ್ದ ಜಾಗ ನನಗೂ ಗುರುತು ಸಿಗುವುದಿಲ್ಲ.

ಇಷ್ಟೆಲ್ಲ ನೆನೆಯುತ್ತ ಕುಳಿತಿರುವಾಗ ಪೇಂಟರ್ ಕೆರೆಯುವ ಪಟ್ಟಿ ಕೈಗೆತ್ತಿಕೊಂಡು ಹಿಂದಿನ ಗೋಡೆಗೆ ಹೋದ. ನಾನು ತಡಬಡಾಯಿಸಿ ಎದ್ದು, ಫೋನ್ ತೆಗೆದು ಮುನಿಲಕ್ಷ್ಮಿಗೆ ಮಾಡಿದೆ.

"ಮುನಿಲಕ್ಷ್ಮಿ, ಆ ಕಾನ್ಸಾಸ್ ಇನ್ನೂ ಇದೆಯಮ್ಮ. ಮೇಲೆ ಬಂದಿದೆ. ಇವತ್ತು ಕೆರೆದುಹಾಕ್ತಿದಾರೆ."

ಅತ್ತ ಕಡೆ ಮಕ್ಕಳ ಗದ್ದಲ. ಅವಳು ಆಚೆ ಬಂದಿರಬೇಕು, ಗದ್ದಲ ಸಣ್ಣಗಾಯಿತು.

"ಕೆಂಪು ಕಾಣ್ತದಾ ಸಾರ್?"

"ಕಾಣ್ತದೆ."

"ನಾಳೆ ತನಕ ಹೆಂಗಾದ್ರೂ ತಡೀರಿ. ಅಪ್ಪನ್ನ ಕರ್ಕೊಂಡ್ಬರ್ತೀನಿ," ಎಂದಳು. "ಅವ್ನು ಹುಟ್ಟಿದ್ ನೆಲ ಸಾರ್ ಅದು. ಈಗ ಆ ಗೋಡೇಲಿ ಅಷ್ಟೇ ಉಳ್ದಿರೋದು. ಒಂದ್ಸಲ ಮುಟ್ಟಿ ನೋಡ್ಲಿ."

ಪೇಂಟರ್ ಪಟ್ಟಿಯನ್ನು ಗೋಡೆಗೆ ಆನಿಸಿ ನನ್ನ ಮುಖ ನೋಡುತ್ತಿದ್ದ.

"ಗುರು," ಎಂದೆ, "ಇವತ್ತು ಆ ಮುಂದಿನ ಗೋಡೆ ಮಾಡ್ಕೊ. ಇದು ನಂದಲ್ಲ. ಇದರ ವಾರಸುದಾರರು ನಾಳೆ ಬರ್ತಾರೆ."